ಓಪನ್‌ಸೀಕ್ರೆಟ್ಸ್: ಲಾಬಿ ಲೆಕ್ಕಕ್ಕೆ ಭರವಸೆಯ ತಾಣ, ಆದರೆ ಮೂಲ ಫಾರಂ ಬಿಡಬೇಡಿ

ಅಮೆರಿಕದಲ್ಲಿ ಯಾವ ಕಂಪನಿ, ಯಾವ ಸಂಘ ಲಾಬಿಗೆ, ಅಂದರೆ ಕಾನೂನು ಮಾಡುವವರನ್ನೂ ಅಧಿಕಾರಿಗಳನ್ನೂ ತಮ್ಮ ಕಡೆ ಒಲಿಸಿಕೊಳ್ಳುವ ಕೆಲಸಕ್ಕೆ, ಎಷ್ಟು ಸುರಿಯುತ್ತಿದೆ ಎಂದು ನೋಡಲು ಮೊದಲು ತೆರೆಯಬೇಕಾದ ತಾಣ ಓಪನ್‌ಸೀಕ್ರೆಟ್ಸ್. ಮಾಜಿ ಸೆನೆಟರ್‌ಗಳಾದ ಫ್ರಾಂಕ್ ಚರ್ಚ್ ಮತ್ತು ಹ್ಯೂ ಸ್ಕಾಟ್ 1983ರಲ್ಲಿ ಕಟ್ಟಿದ ಸಂಸ್ಥೆಯಿದು. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ನೋಡಲು ದುಡ್ಡು ಕೊಡಬೇಕಿಲ್ಲ. 1998ರಿಂದ ಈಚಿನ ಲೆಕ್ಕ ಸಿಗುತ್ತದೆ.

ಇವರ ದೊಡ್ಡ ಉಪಕಾರ ಕೂಡಿ ಕಳೆಯುವುದರಲ್ಲಿದೆ. ಕಂಪನಿ ತೋರಿಸುವ ಖರ್ಚಿನಲ್ಲಿ ಹೊರಗಿನ ಲಾಬಿ ಸಂಸ್ಥೆಗೆ ಕೊಟ್ಟ ಶುಲ್ಕವೂ ಸೇರಿರುತ್ತದೆ. ಆ ಸಂಸ್ಥೆ ಅದನ್ನೇ ತನ್ನ ಆದಾಯವೆಂದು ಬೇರೆ ವರದಿ ಕೊಡುತ್ತದೆ. ಎರಡನ್ನೂ ಕೂಡಿದರೆ ಒಂದೇ ದುಡ್ಡು ಎರಡು ಸಲ ಬರುತ್ತದೆ. ಆ ತಪ್ಪು ಇಲ್ಲಿ ಆಗದಂತೆ ನೋಡಿಕೊಂಡಿದ್ದಾರೆ.

ಎಡವುವುದು ವಿಷಯವಾರು ಪುಟದಲ್ಲಿ. ಎಚ್-1ಬಿ ವೀಸಾ ಚರ್ಚೆ ಬಂದಾಗಲೆಲ್ಲ ‘ವಲಸೆ’ ಪಟ್ಟಿ ತೆಗೆದು, ಕಂಪನಿಯ ಹೆಸರಿನ ಪಕ್ಕದ ಮೊತ್ತವೆಲ್ಲ ವೀಸಾಕ್ಕೇ ಖರ್ಚಾಯಿತು ಎಂದು ಬರೆಯುವವರಿದ್ದಾರೆ. ಅದು ತಪ್ಪು. ಕಾನೂನು ಕೇಳುವುದು ಮೂರು ತಿಂಗಳ ಒಟ್ಟು ಮೊತ್ತವನ್ನು ಮಾತ್ರ. ತೆರಿಗೆಗೆಷ್ಟು, ವೀಸಾಕ್ಕೆಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಒಟ್ಟು ಮೊತ್ತವೂ ಹತ್ತಿರದ ಹತ್ತು ಸಾವಿರ ಡಾಲರ್‌ಗೆ ಸರಿಹೊಂದಿಸಿದ ಅಂದಾಜು.

ಹಾಗಾಗಿ ಕಂಪನಿಯ ಹೆಸರು ಇಲ್ಲಿ ಗುರುತಿಸಿಕೊಂಡು, ಸೆನೆಟ್‌ನ ಲಾಬಿ ದಾಖಲೆ ತಾಣದಲ್ಲಿ ಅದೇ ಹೆಸರಿನ ಎಲ್‌ಡಿ-2 ಫಾರಂ, ಅಂದರೆ ಮೂರು ತಿಂಗಳ ಲಾಬಿ ವರದಿ, ತೆರೆಯಿರಿ. 15ನೇ ಸಾಲಿನಲ್ಲಿ ವಿಷಯದ ಸಂಕೇತ, ವಲಸೆಗೆ ಐಎಂಎಂ. ತಿರುಳಿರುವುದು 16ರಲ್ಲಿ: ಮಸೂದೆಯ ಸಂಖ್ಯೆ ಇದ್ದರೆ ಅದೃಷ್ಟ, ಎಷ್ಟೋ ಸಲ ಒಂದು ತೇಲುಮಾತು ಮಾತ್ರ ಇರುತ್ತದೆ. ಮಸೂದೆಯ ಪರವೋ ವಿರೋಧವೋ ಎಂದು ಹೇಳುವ ಕಟ್ಟುಪಾಡಿಲ್ಲ. ಯಾವ ಸದನ, ಯಾವ ಇಲಾಖೆಯ ಬಾಗಿಲು ತಟ್ಟಿದರು ಎಂಬುದು 17ರಲ್ಲಿ. 18ರಲ್ಲಿ ಲಾಬಿಗಾರರ ಹೆಸರುಗಳು. ಅವರು ಹಿಂದೆ ಹಿಡಿದಿದ್ದ ಸರ್ಕಾರಿ ಹುದ್ದೆಯನ್ನು ಹೆಸರು ಸೇರಿಸುವ ಮೊದಲ ಸಲ ಬರೆದರೆ ಸಾಕು. ಖಾಲಿ ಕಂಡರೆ ಹಳೆಯ ವರದಿ ಹುಡುಕಿ. ಈ ಅಲೆದಾಟ ತಪ್ಪಿಸುವುದು ಸರ್ಕಾರಿ ಹುದ್ದೆಗೂ ಲಾಬಿಗೂ ಓಡಾಡಿದವರ ವಿವರ ಕೊಡುವ ಓಪನ್‌ಸೀಕ್ರೆಟ್ಸ್‌ನ ‘ರಿವಾಲ್ವಿಂಗ್ ಡೋರ್’ ವಿಭಾಗ. ಇಡೀ ತಾಣದಲ್ಲಿ ನಮಗೆ ಅತಿ ಮೆಚ್ಚುಗೆಯಾದದ್ದು ಅದೇ.

ಎರಡೂ ಕಡೆ ಕಾಣದ್ದೂ ಬಹಳವಿದೆ. ಒಬ್ಬ ಕಕ್ಷಿದಾರನ ಕೆಲಸದಲ್ಲಿ ಲಾಬಿಗೆ ಶೇ. 20ಕ್ಕಿಂತ ಕಡಿಮೆ ಸಮಯ ಕೊಡುವ ಸಲಹೆಗಾರನ ಹೆಸರು ನೋಂದಣಿಗೇ ಬರುವುದಿಲ್ಲ. 1995ರ ಕಾನೂನಿನ ಈ ಕಿಂಡಿ ಮುಚ್ಚದೆ ಯಾವ ತಾಣವೂ ಪೂರ್ತಿ ಚಿತ್ರ ಕೊಡಲಾರದು. ವಿದೇಶಿ ಸರ್ಕಾರಗಳ ಪರ ಲಾಬಿಯ ಮೂಲ ಲೆಕ್ಕ, ಭಾರತದ್ದೂ ಸೇರಿ, ನ್ಯಾಯ ಇಲಾಖೆಯ ಫಾರಾ (ವಿದೇಶಿ ಏಜೆಂಟರ ನೋಂದಣಿ ಕಾನೂನು) ದಾಖಲೆಯಲ್ಲಿರುತ್ತದೆ.

ವರದಿಗೆ ಕೊನೆಯ ದಿನ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳುಗಳ 20. ಆಮೇಲೆ ತಿದ್ದುಪಡಿಗಳೂ ಬರುತ್ತವೆ, ಕೆಲವು ವಾರ ಬಿಟ್ಟು ಅಂಕಿ ತೆಗೆದುಕೊಳ್ಳಿ.