ಡೆಲ್ಟಿಕ್ ಸವಾರಿಗೆ ಎಲ್ಲಿಗೆ ಹೋಗೋದು?

ಡೆಲ್ಟಿಕ್ ಅಂದ್ರೆ ಬ್ರಿಟನ್ನಿನ ಹಳೇ ಡೀಸೆಲ್ ಲೋಕೋ, ಅಂದರೆ ರೈಲು ಎಳೆಯುವ ಗಾಡಿ. ಮೊದಲ ಮಾದರಿ ಲೋಕೋ ಬಿಟ್ಟರೆ ಉಳಿದಿರುವುದು ಆರೇ ಆರು. ಅವುಗಳಲ್ಲಿ ಕೆಲವು ಜಾತ್ರೆಗೆ ಬರುವ ನೆಂಟರ ಹಾಗೆ, ಇಂಗ್ಲೆಂಡಿನಲ್ಲಿ ನೆನಪಿಗಾಗಿ ಉಳಿಸಿಕೊಂಡಿರುವ ಹಳೇ ರೈಲುಮಾರ್ಗಗಳಿಗೆ ಆಗಾಗ ಹೋಗಿಬರುತ್ತವೆ. ಗಂಟೆಗೆ 100 ಮೈಲಿ ಓಡಿದ್ದ ಲೋಕೋ ಇಲ್ಲಿ 25ರಲ್ಲೇ ತೆವಳಬೇಕು, ಪಾಪ!

ಇಂಥ ಮಾರ್ಗಗಳಲ್ಲೊಂದು ಸೆವೆರ್ನ್ ವ್ಯಾಲಿ, 16 ಮೈಲಿ ಉದ್ದ. ಕಿಡ್ಡರ್‌ಮಿನ್‌ಸ್ಟರ್‌ನಲ್ಲಿ ಮುಖ್ಯ ಮಾರ್ಗದ ರೈಲಿನಿಂದ ಇಳಿದರೆ ಪಕ್ಕದಲ್ಲೇ ಇದರ ನಿಲ್ದಾಣ. ಫೋಟೋ ಬೇಕಿದ್ದರೆ 1861ರ ವಿಕ್ಟೋರಿಯಾ ಸೇತುವೆಯ ಹತ್ತಿರ ನಿಲ್ಲಿ.

ಸದ್ದು ಕೇಳಬೇಕಾ? ನಾರ್ತ್ ಯಾರ್ಕ್‌ಷೈರ್ ಮೂರ್ಸ್ ಅನ್ನೋ ಇನ್ನೊಂದು ಹಳೇ ಮಾರ್ಗಕ್ಕೆ ಡೆಲ್ಟಿಕ್ ಬಂದಾಗ ಹೋಗಿ. ಗ್ರೋಸ್‌ಮಾಂಟ್ ನಿಲ್ದಾಣ ದಾಟಿದರೆ 49 ಅಡಿಗೆ 1 ಅಡಿಯಷ್ಟು ಏರು. ಲೋಕೋದೊಳಗೆ ನೇಪಿಯರ್ ಕಂಪನಿಯ ಎರಡು ಎಂಜಿನ್, ಒಟ್ಟು 3,300 ಅಶ್ವಶಕ್ತಿ. ಏರಿನಲ್ಲಿ ಗುಂಯ್‌ಗುಟ್ಟುವಾಗ ಎದೆಯೇ ನಡುಗುತ್ತೆ. ದೂರ ಜಾಸ್ತಿ ಅಂತೀರಾ? ನಾನಾದರೆ ಇಲ್ಲಿಗೇ ಹೋಗೋದು.