ಕ್ಲೌಡ್, ಎಡ್ಜ್, ಎರಡರ ಜೋಡಣೆ: ಒಂದೇ ಮೋಟರಿನ ಮೇಲೆ ಮೂರು ವ್ಯವಸ್ಥೆಗಳ ಹೋಲಿಕೆ

ತಿರುಗುವ ಯಂತ್ರದ ಕಂಪನವನ್ನು ಅಳೆದು, ಅದರ ದೋಷವನ್ನು ಮುಂಚಿತವಾಗಿ ಗುರುತಿಸುವ ಕೆಲಸಕ್ಕೆ ಮೂರು ಬಗೆಯ ವ್ಯವಸ್ಥೆಗಳನ್ನು ನಾನು ಒಂದೇ ಮೋಟರಿನ ಮೇಲೆ ಕಟ್ಟಿ ನೋಡಿದೆ. ಮೊದಲನೆಯದರಲ್ಲಿ ಎಲ್ಲ ಲೆಕ್ಕಾಚಾರವೂ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ದತ್ತಾಂಶ ಕೇಂದ್ರದ ಕಂಪ್ಯೂಟರುಗಳಲ್ಲಿ, ನಡೆಯುತ್ತಿತ್ತು; ಎರಡನೆಯದರಲ್ಲಿ ಎಲ್ಲವೂ ಯಂತ್ರದ ಪಕ್ಕದಲ್ಲೇ ಇದ್ದ ಪುಟ್ಟ ಕಂಪ್ಯೂಟರಿನಲ್ಲಿ, ಅಂದರೆ ಎಡ್ಜ್‌ನಲ್ಲಿ; ಮೂರನೆಯದರಲ್ಲಿ ಕೆಲಸವನ್ನು ಎರಡಕ್ಕೂ ಹಂಚಲಾಗಿತ್ತು. ಸೆನ್ಸರ್ ಎಡಿಎಕ್ಸ್‌ಎಲ್345, ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಮೋಟರ್ ನಿಮಿಷಕ್ಕೆ 1,500ಕ್ಕಿಂತ ಸ್ವಲ್ಪ ಕಡಿಮೆ ಸುತ್ತು ತಿರುಗುವಂಥದ್ದು. ಮೂರೂ ವ್ಯವಸ್ಥೆಗಳಿಗೆ ಉಪಕರಣ ಒಂದೇ ಆಗಿದ್ದುದರಿಂದ, ಕಂಡ ವ್ಯತ್ಯಾಸಗಳೆಲ್ಲ ಕೆಲಸ ಎಲ್ಲಿ ನಡೆಯಿತು ಎಂಬುದರಿಂದಲೇ ಹುಟ್ಟಿದವು.

ಕ್ಲೌಡ್ ಮಾತ್ರ ಇರುವ ವ್ಯವಸ್ಥೆಯನ್ನು ಕಟ್ಟುವುದು ಮೂರರಲ್ಲಿ ಅತ್ಯಂತ ಸುಲಭ. ಯಂತ್ರದ ಬಳಿ ಇರುವ ಪ್ರೋಗ್ರಾಮ್ ಸೆನ್ಸರಿನಿಂದ ಓದಿದ್ದನ್ನು ಹಾಗೆಯೇ ಕಳುಹಿಸಿದರೆ ಸಾಕು. ಆದರೆ ದತ್ತಾಂಶದ ಪ್ರಮಾಣವನ್ನು ಲೆಕ್ಕ ಹಾಕಿದಾಗ ಸಮಸ್ಯೆ ತಾನಾಗಿ ಎದುರಾಗುತ್ತದೆ. ಈ ಸೆನ್ಸರ್ ತನ್ನ ಗರಿಷ್ಠ ವೇಗದಲ್ಲಿ ಸೆಕೆಂಡಿಗೆ 3,200 ಬಾರಿ, ಮೂರು ಅಕ್ಷಗಳಲ್ಲಿ, ಪ್ರತಿ ಅಕ್ಷಕ್ಕೆ 2 ಬೈಟ್‌ನಂತೆ ಮಾಪನ ಕೊಡುತ್ತದೆ. ಅಂದರೆ ಸೆಕೆಂಡಿಗೆ 19,200 ಬೈಟ್, ದಿನಕ್ಕೆ ಸುಮಾರು 1.66 ಜಿಬಿ. ಒಂದು ಮೋಟರಿಗೆ ಇದು ಹೊರೆಯಲ್ಲ, ಆದರೆ 20 ಮೋಟರುಗಳಾದರೆ ದಿನಕ್ಕೆ 33 ಜಿಬಿ ದಾಟುತ್ತದೆ, ಮತ್ತು ಅದರಲ್ಲಿ ಬಹುಪಾಲು ಆರೋಗ್ಯವಾಗಿ ತಿರುಗುತ್ತಿರುವ ಯಂತ್ರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುವುದಷ್ಟೆ.

ವಿಳಂಬದ ಪ್ರಶ್ನೆಯನ್ನು ಹೆಚ್ಚಿನವರು ಸರಾಸರಿಯ ಲೆಕ್ಕದಲ್ಲಿ ನೋಡುತ್ತಾರೆ. ಬೆಳಕು ಆಪ್ಟಿಕಲ್ ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುವುದರಿಂದ, 1,000 ಕಿಲೋಮೀಟರ್ ದೂರದ ದತ್ತಾಂಶ ಕೇಂದ್ರಕ್ಕೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು, ಮತ್ತು ಇಂಥ ಫೈಬರಿನಲ್ಲಿ ಎಷ್ಟೇ ಹಣ ಸುರಿದರೂ ಈ ಮಿತಿಯನ್ನು ಮೀರಲಾಗದು. ಆದರೂ ನನ್ನ ಪ್ರಯೋಗದಲ್ಲಿ ತೊಂದರೆ ಕೊಟ್ಟದ್ದು ಈ ಕನಿಷ್ಠ ಮಿತಿಯಲ್ಲ, ಏರಿಳಿತ. ಉತ್ತರ ಬಹುತೇಕ ಸಮಯ ತಕ್ಷಣ ಬರುತ್ತಿತ್ತು, ಕೆಲವೊಮ್ಮೆ ತಡವಾಗುತ್ತಿತ್ತು, ಸಂಪರ್ಕ ಕಡಿದಾಗ ಬರುತ್ತಲೇ ಇರಲಿಲ್ಲ. ಮೋಟರನ್ನು ನಿಲ್ಲಿಸಬೇಕೇ ಬೇಡವೇ ಎಂಬ ನಿರ್ಧಾರವನ್ನು ಇಂಥ ದಾರಿಗೆ ಒಪ್ಪಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. (ಮನುಷ್ಯರ ಸುರಕ್ಷತೆಗೆ ಸಂಬಂಧಿಸಿದ ತುರ್ತು ನಿಲುಗಡೆ ಕ್ಲೌಡ್‌ನಲ್ಲೂ ಇರಬಾರದು, ಇಂಥ ಪುಟ್ಟ ಕಂಪ್ಯೂಟರಿನಲ್ಲೂ ಇರಬಾರದು; ಅದಕ್ಕೆ ಪ್ರತ್ಯೇಕ ತಂತಿಯ ಸುರಕ್ಷತಾ ಸರ್ಕ್ಯೂಟೇ ಬೇಕು.)

ಎರಡನೆಯ ವ್ಯವಸ್ಥೆಯಲ್ಲಿ 4,096 ಮಾಪನಗಳ ಒಂದೊಂದು ತುಣುಕನ್ನು, ಅಂದರೆ 1.28 ಸೆಕೆಂಡಿನ ಕಂಪನವನ್ನು, ಪೈ ತಾನೇ ಎಫ್‌ಎಫ್‌ಟಿ ಎಂಬ ಗಣಿತ ವಿಧಾನದ ಮೂಲಕ ಆವರ್ತನಗಳಾಗಿ ಬಿಡಿಸುತ್ತಿತ್ತು. ಇದರಿಂದ ಸುಮಾರು 0.78 ಹರ್ಟ್ಸ್‌ನಷ್ಟು ಸೂಕ್ಷ್ಮ ವಿಭಜನೆ ಸಿಗುತ್ತದೆ. ಮೋಟರಿನ ತಿರುಗುವ ಆವರ್ತನವಾದ ಸುಮಾರು 25 ಹರ್ಟ್ಸ್‌ನಲ್ಲಿ ಶಿಖರ ಬೆಳೆದರೆ ಅಸಮತೋಲನವನ್ನೂ, ಅದರ ಎರಡರಷ್ಟರಲ್ಲಿ ಬೆಳೆದರೆ ಶಾಫ್ಟ್‌ಗಳ ಜೋಡಣೆ ತಪ್ಪಿರುವುದನ್ನೂ ಶಂಕಿಸಲು ಇಷ್ಟು ಸಾಕು. ಲೆಕ್ಕ ಮುಗಿಯಲು ಪೈಗೆ ಹಿಡಿಯುವ ಕಾಲ ನಗಣ್ಯ. ನೆಟ್‌ವರ್ಕ್ ಕೇಬಲನ್ನು ಬೇಕೆಂದೇ ಕಿತ್ತಿಟ್ಟರೂ ಎಚ್ಚರಿಕೆಯ ದೀಪ ತನ್ನ ಸಮಯಕ್ಕೆ ಸರಿಯಾಗಿ ಹೊತ್ತಿಕೊಳ್ಳುತ್ತಿತ್ತು. ಈ ಒಂದು ಗುಣಕ್ಕಾಗಿಯೇ ಎಡ್ಜ್ ನನ್ನ ಗೌರವ ಗಳಿಸಿತು.

ಆದರೆ ಎಡ್ಜ್ ಒಂಟಿಯಾಗಿದ್ದಾಗ ಅದರ ಅರಿವು ತನ್ನ ಯಂತ್ರದಾಚೆಗೆ ಹೋಗುವುದಿಲ್ಲ. ಈ ಮೋಟರಿನ ಕಂಪನ ಇಂಥದೇ ಇತರ ಮೋಟರುಗಳಿಗಿಂತ ಹೆಚ್ಚೇ, ಇದೇ ಬಗೆಯ ಬದಲಾವಣೆ ಬೇರೆಲ್ಲಾದರೂ ಬೇರಿಂಗ್ ಸವೆತಕ್ಕೆ ದಾರಿ ಮಾಡಿತ್ತೇ ಎಂಬ ಪ್ರಶ್ನೆಗಳಿಗೆ ಅದರ ಬಳಿ ಉತ್ತರವಿಲ್ಲ. ದಿನನಿತ್ಯದ ಕಿರುಕುಳಗಳೂ ಇವೆ: ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲದ್ದರಿಂದ, ವಿದ್ಯುತ್ ಹೋಗಿ ಬಂದಾಗ ನೆಟ್‌ವರ್ಕ್ ಇಲ್ಲದಿದ್ದರೆ ದಾಖಲೆಗಳ ಸಮಯವೇ ತಪ್ಪಾಗುತ್ತದೆ, ಸತತ ಬರವಣಿಗೆಯಿಂದ ಎಸ್‌ಡಿ ಕಾರ್ಡ್ ಸವೆಯುತ್ತದೆ, ಪ್ರೋಗ್ರಾಮ್ ಬದಲಿಸಬೇಕಾದರೆ ಪ್ರತಿ ಯಂತ್ರದ ಬಳಿಗೂ ಹೋಗಬೇಕಾಗುತ್ತದೆ.

ಮೂರನೆಯ ವ್ಯವಸ್ಥೆಯ ಹಿಂದಿನ ಆಲೋಚನೆ ಹೊಸದಲ್ಲ. ಮಹದೇವ್ ಸತ್ಯನಾರಾಯಣನ್ ಮತ್ತು ಅವರ ಸಂಗಡಿಗರು 2009ರಲ್ಲೇ, ಬಳಕೆದಾರರ ಸಮೀಪದಲ್ಲಿ ಇರುವ ಸಣ್ಣ ಸರ್ವರುಗಳು ದೂರದ ಕ್ಲೌಡ್‌ಗೆ ಪೂರಕವಾಗಿ ದುಡಿಯಬಹುದೆಂದು ವಿವರಿಸಿ, ಅವನ್ನು ಕ್ಲೌಡ್‌ಲೆಟ್ ಎಂದು ಕರೆದಿದ್ದರು. ನನ್ನ ಹಂಚಿಕೆಯಲ್ಲಿ ತಕ್ಷಣದ ನಿರ್ಧಾರ ಎಡ್ಜ್‌ನದು, ದೀರ್ಘಕಾಲದ ನೆನಪು ಮತ್ತು ಕಲಿಕೆ ಕ್ಲೌಡ್‌ನದು. ಪೈ ಪ್ರತಿ ನಿಮಿಷಕ್ಕೊಮ್ಮೆ ಮುಖ್ಯ ಆವರ್ತನಗಳ ಎತ್ತರ, ಒಟ್ಟು ಕಂಪನದ ಮಟ್ಟ ಮೊದಲಾದ ಸಾರಾಂಶವನ್ನು ಸುಮಾರು 200 ಬೈಟ್‌ಗಳಲ್ಲಿ ಕಳುಹಿಸುತ್ತದೆ. ದಿನಕ್ಕೆ 288 ಕೆಬಿ, ಅಂದರೆ ಮೊದಲ ವ್ಯವಸ್ಥೆಯ ಐದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಸಹಜತೆ ಕಂಡಾಗ ಮಾತ್ರ 10 ಸೆಕೆಂಡಿನ ಮೂಲ ದತ್ತಾಂಶ ಜೊತೆಗೆ ಹೋಗುತ್ತದೆ. ಆರೋಗ್ಯದ ಸ್ಥಿತಿಯೂ ಕ್ಲೌಡ್‌ಗೆ ತಿಳಿದಿರಬೇಕಾದ್ದರಿಂದ ಆಗಾಗ ಮೂಲ ದತ್ತಾಂಶದ ತುಣುಕೊಂದನ್ನು ಸುಮ್ಮನೆ ಕಳುಹಿಸುವ ಏರ್ಪಾಡನ್ನೂ ಸೇರಿಸಿದೆ. ಸಂಪರ್ಕ ಇಲ್ಲದಾಗ ಸಂದೇಶಗಳು ಪೈಯಲ್ಲೇ ಇರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಕಡತದಲ್ಲಿ ಕಾಯುತ್ತವೆ. ಸಂದೇಶ ಸಾಗಿಸಲು ಬಳಸಿದ ಎಂಕ್ಯೂಟಿಟಿ ಎಂಬ ಪ್ರೋಟೋಕಾಲಿನ ಒಂದನೆಯ ಹಂತದ ಖಾತರಿಯಲ್ಲಿ (ಕ್ಯೂಒಎಸ್ 1) ಸಂದೇಶ ಎರಡು ಸಲ ತಲುಪುವ ಸಾಧ್ಯತೆ ಇರುವುದರಿಂದ, ಪ್ರತಿಯೊಂದಕ್ಕೂ ಗುರುತು ಸಂಖ್ಯೆ ಹಾಕಿ ಕ್ಲೌಡ್‌ನಲ್ಲಿ ಪುನರಾವರ್ತನೆಯನ್ನು ಅಳಿಸುವಂತೆ ಮಾಡಿದೆ.

ಕ್ಲೌಡ್‌ನ ನಿಜವಾದ ಬಲ ನನಗೆ ಮನದಟ್ಟಾದದ್ದು ಇಲ್ಲಿಯೇ. ದೋಷ ಗುರುತಿಸುವ ಯಂತ್ರಕಲಿಕೆಯ ಮಾದರಿಗೆ ತರಬೇತಿ ಕೊಡಲು ದೊಡ್ಡ ಕಂಪ್ಯೂಟರನ್ನು ಬೇಕಾದಷ್ಟು ಹೊತ್ತು ಮಾತ್ರ ಪಡೆದು ಬಿಟ್ಟುಬಿಡಬಹುದು. ತರಬೇತಿ ಮುಗಿದ ಮಾದರಿಯ 32 ಬಿಟ್ ಸಂಖ್ಯೆಗಳನ್ನು 8 ಬಿಟ್‌ಗೆ ಇಳಿಸಿದಾಗ ಗಾತ್ರ ಸುಮಾರು ಕಾಲು ಭಾಗಕ್ಕೆ ಕುಗ್ಗಿ, ಪೈ ಅದನ್ನು ನಿರಾಯಾಸವಾಗಿ ನಡೆಸುತ್ತದೆ. ಹೀಗೆ ಹಲವು ಯಂತ್ರಗಳಿಂದ ಕಲಿತದ್ದು ಒಂದೊಂದು ಯಂತ್ರದ ಪಕ್ಕಕ್ಕೂ ಮರಳಿ ಬರುತ್ತದೆ.

ಈ ಜೋಡಣೆಗೆ ತೆರಬೇಕಾದ ಬೆಲೆ ಜಟಿಲತೆ. ಎರಡು ಕಡೆಯ ಪ್ರೋಗ್ರಾಮುಗಳ ಆವೃತ್ತಿಗಳು ಹೊಂದಿಕೆಯಾಗಿರಬೇಕು, ಪ್ರತಿ ಸಾಧನದ ಕೀಲಿ ಮತ್ತು ಪ್ರಮಾಣಪತ್ರಗಳನ್ನು ಕಾಪಾಡಬೇಕು, ನವೀಕರಣ ಅರ್ಧದಲ್ಲಿ ನಿಂತರೆ ಹಳೆಯ ಆವೃತ್ತಿಗೆ ಮರಳುವ ದಾರಿ ಇರಬೇಕು. ನಿಮಿಷಕ್ಕೊಮ್ಮೆ ಕೋಣೆಯ ಉಷ್ಣಾಂಶ ದಾಖಲಿಸುವಂಥ ಕೆಲಸಕ್ಕೆ ಇಷ್ಟೆಲ್ಲ ಬೇಕಿಲ್ಲ, ಅಲ್ಲಿ ಕ್ಲೌಡ್ ಒಂದೇ ಸಾಕು. ಸಂಪರ್ಕವೇ ಸಿಗದ ಜಾಗದ ಒಂಟಿ ಯಂತ್ರಕ್ಕೆ ಎಡ್ಜ್ ಸಾಕು. ವೇಗದ ಸೆನ್ಸರುಗಳು, ಹಲವು ಯಂತ್ರಗಳು ಮತ್ತು ಕೈಕೊಡುವ ಸಂಪರ್ಕ ಮೂರೂ ಸೇರಿದ ಕಡೆ ಮಾತ್ರ ನಾನು ಹಿಂಜರಿಯದೆ ಮೂರನೆಯದನ್ನೇ ಆರಿಸುತ್ತೇನೆ.

ಅದನ್ನು ಕಟ್ಟುವವರು ಯಾವ ದತ್ತಾಂಶವನ್ನು ಬಿಟ್ಟುಬಿಡಬೇಕೆಂದು ಮೊದಲ ದಿನವೇ ತೀರ್ಮಾನಿಸಬಾರದು. ಸಾರಾಂಶದಲ್ಲಿ ಇಲ್ಲದ ಆವರ್ತನವೊಂದು ಮುಂದೆ ಮುಖ್ಯವೆಂದು ತಿಳಿದಾಗ, ಮೂಲ ದತ್ತಾಂಶ ಎಲ್ಲೂ ಉಳಿದಿರದಿದ್ದರೆ ಹಿಂದಿನ ಚರಿತ್ರೆಯನ್ನು ಪರಿಶೀಲಿಸಲು ಸಾಧ್ಯವೇ ಇಲ್ಲ. ಆದ್ದರಿಂದ ಆರಂಭದಲ್ಲಿ ಒಂದೆರಡು ಯಂತ್ರಗಳ ಎಲ್ಲ ದತ್ತಾಂಶವನ್ನೂ ಕ್ಲೌಡ್‌ಗೆ ಕಳುಹಿಸಿ, ಯಾವ ಲಕ್ಷಣಗಳು ಉಪಯುಕ್ತವೆಂದು ಅಲ್ಲಿ ಕಂಡುಕೊಂಡು, ಆಮೇಲೆ ಆ ಲೆಕ್ಕವನ್ನು ಎಡ್ಜ್‌ಗೆ ಇಳಿಸುವ ಕ್ರಮ ನನಗೆ ಹಿಡಿಸಿತು. ಆ ಬಳಿಕವೂ ಪೈಗೆ ಎಸ್‌ಡಿ ಕಾರ್ಡಿನ ಬದಲು 128 ಜಿಬಿಯ ಎಸ್‌ಎಸ್‌ಡಿ ಜೋಡಿಸಿ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋದರೆ, ಎರಡು ತಿಂಗಳಿಗೂ ಹೆಚ್ಚಿನ ಮೂಲ ದತ್ತಾಂಶ ಯಂತ್ರದ ಬಳಿಯೇ ಉಳಿಯುತ್ತದೆ, ಮತ್ತು ಕ್ಲೌಡ್‌ನಲ್ಲಿ ಕುಳಿತ ವಿಶ್ಲೇಷಕರು ತಮಗೆ ಬೇಕಾದ ದಿನದ, ಬೇಕಾದ ಗಂಟೆಯ ತುಣುಕನ್ನು ಮಾತ್ರ ಕೇಳಿ ತರಿಸಿಕೊಳ್ಳಬಹುದು.