ಮಾಡೆಲ್ ರೈಲಿನ ಸ್ಮೋಕ್ ಯೂನಿಟ್ ರಿಪೇರಿಗೆ ಕಳಿಸುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಮೇಜಿನ ಡ್ರಾಯರಿನಲ್ಲೇ ಮಲ್ಟಿಮೀಟರ್ ಇತ್ತು. ಹೊಗೆ ಬರಿಸುವ ಹೀಟರನ್ನು ಅದರಲ್ಲಿ ಅಳೆಯುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಇಡೀ ಇಂಜಿನ್ನನ್ನೇ ಡಬ್ಬಿಗೆ ಹಾಕಿ ಒಬ್ಬರಿಗೆ ಕಳಿಸಿದೆ. ಹೋಗುವಾಗ ಹೊಗೆ ಮಾತ್ರ ಇರಲಿಲ್ಲ. ಈಗ ಇಂಜಿನ್ನೇ ಓಡುತ್ತಿಲ್ಲ.

ನನ್ನದು ಓ ಗೇಜ್ (ಮಾಡೆಲ್ ರೈಲಿನ ದೊಡ್ಡ ಅಳತೆಗಳಲ್ಲೊಂದು) ಸ್ಟೀಮ್ ಇಂಜಿನ್. ಒಳಗೆ ಫ್ಯಾನ್ ಇರುವ ಸ್ಮೋಕ್ ಯೂನಿಟ್. ಬತ್ತಿ ಎಳೆದುಕೊಂಡ ಎಣ್ಣೆಯನ್ನು ಹೀಟರ್ ಕಾಯಿಸಿ ಹೊಗೆ ಮಾಡುತ್ತದೆ, ಫ್ಯಾನ್ ಅದನ್ನು ಹೊರಗೆ ಊದುತ್ತದೆ. ಹೀಟರ್ ಅಂದರೆ ಎರಡು ಸಣ್ಣ ರೆಸಿಸ್ಟರ್, ಅಷ್ಟೇ. ಚಕ್ರ ತಿರುಗಿದ ಹಾಗೆಲ್ಲ ಚಿಮಣಿಯಿಂದ ಬುಸ್ ಬುಸ್ ಅಂತ ಹೊಗೆ ಬರುತ್ತಿತ್ತು. ಬರಬರುತ್ತಾ ತೆಳುವಾಯಿತು. ಎಣ್ಣೆ ಹಾಕಿದರೂ ಅಷ್ಟೇ. ಕೊನೆಗೆ ಊದುಬತ್ತಿಯಷ್ಟೂ ಇಲ್ಲ. ಮೋಟಾರ್ ಸರಿಯಿತ್ತು, ಲೈಟ್ ಸರಿಯಿತ್ತು. ಈ ಹವ್ಯಾಸ ಇರುವವರಿಗೆಲ್ಲ ಗೊತ್ತಿರುವ ಮಾಮೂಲಿ ಕಾಯಿಲೆ ಇದು.

ರಿಪೇರಿ ಮಾಡಿದವರ ಹೆಸರು ಹೇಳುವುದಿಲ್ಲ. ಮಾತು ಮಾತ್ರ ಬಲು ಚೆನ್ನಾಗಿತ್ತು. 1946ರಲ್ಲಿ ಅಮೆರಿಕದ ಆಟಿಕೆ ರೈಲಿನ ಕಂಪನಿ ಲಯೊನೆಲ್‌ನವರು ಬಲ್ಬಿನ ತಲೆ ಮೇಲೆ ಮಾತ್ರೆ ಕರಗಿಸಿ ಹೊಗೆ ಬರಿಸಿದ್ದು, ಮರುವರ್ಷವೇ ಬಲ್ಬ್ ಬಿಟ್ಟು ಹೀಟರ್ ಹಾಕಿದ್ದು, ಎಲ್ಲ ಫೋನಿನಲ್ಲೇ ಹೇಳಿದರು. ಇಷ್ಟೆಲ್ಲ ತಿಳಿದವರಿಗೆ ನನ್ನ ಇಂಜಿನ್ ಯಾವ ಲೆಕ್ಕ ಅಂದುಕೊಂಡೆ. ಕಥೆ ಗೊತ್ತಿದ್ದ ಮಾತ್ರಕ್ಕೆ ಕೆಲಸ ಗೊತ್ತಿರಬೇಕು ಅಂತ ಎಲ್ಲಿದೆ? ಆಗ ಹೊಳೆಯಲಿಲ್ಲ.

ಇಂಜಿನ್ ತಲುಪಿದ ಮರುದಿನವೇ ಮೆಸೇಜ್ ಬಂತು. "ಸರ್, ಹೀಟರ್ ಎರಡೂ ಹೋಗಿದೆ. ಬತ್ತಿನೂ ಹೋಗಿದೆ. ಬೋರ್ಡ್ ವೀಕಾಗಿದೆ, ಸರ್ವಿಸ್ ಮಾಡ್ಬೇಕು." ನಾನು "ಸರಿ ಸರ್, ಮಾಡಿ" ಅಂದೆ. ಬೋರ್ಡ್ ಅಂದರೆ ಇಂಜಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅದು ವೀಕ್ ಅಂದರೆ ಏನು ಅಂತಲೂ ಕೇಳಲಿಲ್ಲ. ವಾರ ಕಳೆದ ಮೇಲೆ ಒಂದು ವಿಡಿಯೊ. ದಟ್ಟ ಹೊಗೆ. ನಾನು "ಸೂಪರ್ ಸರ್" ಅಂತ ಬರೆದು ಕೈಮುಗಿಯುವ ಇಮೋಜಿ ಬೇರೆ ಹಾಕಿದೆ. ತಕ್ಷಣ ಹಣ ಕಳಿಸಿದೆ. ಅಷ್ಟಕ್ಕೇ ಬಿಡದೆ ಇಬ್ಬರು ಗೆಳೆಯರಿಗೆ ಇವರ ನಂಬರ್ ಕೊಟ್ಟೆ. ಅದೇ ಈಗ ಹೊಟ್ಟೆ ಉರಿಸುತ್ತಿರುವುದು.

ಇಂಜಿನ್ ವಾಪಸ್ ಬಂತು. 15 ಹನಿ ಎಣ್ಣೆ ಹಾಕಿ ಹಳಿ ಮೇಲಿಟ್ಟೆ. ಮೊದಲ ಹತ್ತು ನಿಮಿಷ ಹೊಗೆಯೋ ಹೊಗೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆಮೇಲೆ ವಾಸನೆ ಬದಲಾಯಿತು. ಎಣ್ಣೆಯ ವಾಸನೆ ಹೋಗಿ ಬಟ್ಟೆ ಸುಟ್ಟ ವಾಸನೆ. ಪವರ್ ತೆಗೆಯಲು ಕೈ ಹಾಕುವಷ್ಟರಲ್ಲಿ ಒಳಗೆ ಟಪ್ ಅಂತ ಸದ್ದು. ಇಂಜಿನ್ ನಿಂತಿತು. ಲೈಟೂ ಹೋಯಿತು. ಎಲ್ಲರ ಎದುರಿಗೆ.

ಆ ರಾತ್ರಿ ನಾನೇ ಬಿಚ್ಚಿದೆ. ಸ್ಮೋಕ್ ಯೂನಿಟ್ ಮುಚ್ಚಳ ತೆಗೆದರೆ ಒಳಗೆ ಬರೀ ಹತ್ತಿ. ಗಾಯ ಒರೆಸುವ ಹತ್ತಿ ಇರುತ್ತದಲ್ಲ, ಅದು! ಇಲ್ಲಿ ಬಿಸಿ ತಡೆಯುವ ಗ್ಲಾಸ್ ಫೈಬರ್ ಬತ್ತಿ ಇರಬೇಕು. ರೆಸಿಸ್ಟರಿಗೆ ತಾಗಿದ ಕಡೆ ಹತ್ತಿ ಇದ್ದಿಲಾಗಿತ್ತು. ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು. ರೆಸಿಸ್ಟರುಗಳನ್ನು ಬಿಡಿಸಿ ಒಂದೊಂದಾಗಿ ಅಳೆದೆ. ಎರಡೂ 8 ಓಮ್.

ಡಬ್ಬಿಯ ಮೂಲೆಯಲ್ಲಿ ಸಣ್ಣ ಜಿಪ್ ಕವರ್ ಇತ್ತು. ಮೇಲೆ "ಹಳೇ ಪಾರ್ಟ್" ಅಂತ ಬರೆದಿತ್ತು. ಎಂಥ ಪ್ರಾಮಾಣಿಕ ಮನುಷ್ಯ, ಹಾಳಾದ ರೆಸಿಸ್ಟರನ್ನೂ ವಾಪಸ್ ಕೊಟ್ಟಿದ್ದಾರೆ ಅಂತ ಬಂದ ದಿನ ಮೆಚ್ಚಿಕೊಂಡಿದ್ದೆ. ಸುಮ್ನೆ ಇರಲಿ ಅಂತ ಅದನ್ನೂ ಅಳೆದೆ. ಮೊದಲನೆಯದು 16 ಓಮ್. ಎರಡನೆಯದೂ 16. ಮೀಟರಿನ ತುದಿ ಒರೆಸಿ ಮತ್ತೆ ಹಿಡಿದೆ. 16. ಹೀಟರ್ ಸುಟ್ಟು ಹೋಗಿದ್ದರೆ ಮೀಟರ್ ಯಾವ ನಂಬರನ್ನೂ ತೋರಿಸಬಾರದು. ಸುಟ್ಟೇ ಇಲ್ಲ! ನನ್ನ ಹೀಟರಿಗೆ ಏನೂ ಆಗಿರಲೇ ಇಲ್ಲ. ಬತ್ತಿ ಕರಕಲಾಗಿತ್ತು, ಕರಕಲಾದ ಬತ್ತಿ ಎಣ್ಣೆ ಎಳೆಯುವುದಿಲ್ಲ, ಅದಕ್ಕೇ ಹೊಗೆ ಇಲ್ಲ. ಅಷ್ಟೇ ಆಗಿದ್ದು. ಆ ಕವರ್ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಲೆಕ್ಕ ನೋಡಿ. 16 ಓಮಿನ ಎರಡು ಪ್ಯಾರಲಲ್ ಇದ್ದರೆ ಒಟ್ಟು 8 ಓಮ್. ಇವರು ಹಾಕಿದ್ದು 8ರ ಎರಡು, ಒಟ್ಟು 4 ಓಮ್. 8 ವೋಲ್ಟ್ ಕೊಟ್ಟರೆ ಮೊದಲು 1 ಆಂಪ್ ಹೋಗುತ್ತಿದ್ದ ಕಡೆ ಈಗ 2 ಆಂಪ್. ಬಿಸಿಯೂ ಎರಡರಷ್ಟು. ಹೊಗೆ ಜಾಸ್ತಿ ಬರದೆ ಇನ್ನೇನು? ಹೀಟರಿಗೆ ಕರೆಂಟ್ ಕೊಡುವ, ಬೋರ್ಡ್ ಮೇಲಿನ ಟ್ರಾನ್ಸಿಸ್ಟರ್ ಅದನ್ನು ತಾಳಲಾರದೆ ಸುಟ್ಟಿತು.

ಇನ್ನು ಅವರ ಉತ್ತರಗಳು. ಮೊದಲನೆಯದು: "ಸರ್, ನೀವು ಎಣ್ಣೆ ಜಾಸ್ತಿ ಹಾಕಿದೀರ." ಎಣಿಸಿ 15 ಹನಿ ಹಾಕಿದ್ದೇನೆ ಅಂದೆ. "ಹಾಗಾದ್ರೆ ಕಮ್ಮಿ ಆಗಿದೆ ಸರ್, ಒಣಗಿ ಸುಟ್ಟಿದೆ." ಒಂದೇ ನಿಮಿಷದಲ್ಲಿ ಜಾಸ್ತಿಯೂ ಆಯಿತು, ಕಮ್ಮಿಯೂ ಆಯಿತು!

8 ಓಮ್ ಯಾಕೆ ಹಾಕಿದಿರಿ ಅಂದೆ. "ಹೊಗೆ ಚೆನ್ನಾಗ್ ಬರತ್ತೆ ಸರ್, ಎಲ್ರೂ ಅದನ್ನೇ ಕೇಳ್ತಾರೆ."

ಹಳೆಯದು ಸರಿಯಾಗೇ ಇದೆಯಲ್ಲ ಅಂತ ಮೀಟರಿನ ಫೋಟೊ ಕಳಿಸಿದೆ. ಓದಿದ್ದು ಕಾಣುತ್ತಿತ್ತು, ಉತ್ತರ ಬಂದದ್ದು ರಾತ್ರಿ. "ಮೀಟರಲ್ಲಿ ತೋರಿಸತ್ತೆ ಸರ್, ಲೋಡಲ್ಲಿ ನಿಲ್ಲಲ್ಲ." ಬೋರ್ಡ್ ಸರ್ವಿಸ್ ಅಂತ ಹಣ ತಗೊಂಡಿರಲ್ಲ, ಅದರಲ್ಲಿ ಏನು ಮಾಡಿದಿರಿ? "ಬ್ರಷ್ ಹಾಕಿ ಕ್ಲೀನ್ ಮಾಡಿದೀನಿ ಸರ್."

ಎಲ್ಲದಕ್ಕೂ ಕೊನೆಗೆ ಒಂದೇ ಮಾತು: "ವಿಡಿಯೊ ಇದೆಯಲ್ಲ ಸರ್." ಆ ವಿಡಿಯೊವನ್ನು ಮತ್ತೆ ನೋಡಿದೆ. ಅದರಲ್ಲಿ ಇಂಜಿನ್ನೇ ಇಲ್ಲ! ಮೇಜಿನ ಮೇಲೆ ಸ್ಮೋಕ್ ಯೂನಿಟ್ ಒಂದೇ ಇದೆ, ವೈರುಗಳಿಗೆ ಕ್ಲಿಪ್ ಹಾಕಿ ಹೊರಗಿನಿಂದ ಪವರ್ ಕೊಟ್ಟಿದ್ದಾರೆ. ಬೋರ್ಡಿಗೆ ಜೋಡಿಸಿ ಹಳಿ ಮೇಲೆ ಓಡಿಸಿದ್ದು ಎಲ್ಲೂ ಕಾಣುವುದಿಲ್ಲ. ಹೊಗೆ ನೋಡುವ ಸಂಭ್ರಮದಲ್ಲಿ ಇಂಜಿನ್ ಇಲ್ಲದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಸೂಪರ್ ಸರ್ ಅಂತೆ.

ದಯವಿಟ್ಟು ಇಷ್ಟು ಮಾಡಿ. ಹೊಗೆ ನಿಂತರೆ ಇಂಜಿನ್ ತಣ್ಣಗಾದ ಮೇಲೆ ಹೀಟರಿನ ವೈರ್ ಬಿಡಿಸಿ ಓಮ್ ಅಳೆಯಿರಿ. ಇರಬೇಕಾದ ನಂಬರ್ ಬಂದರೆ ಹೀಟರ್ ಸರಿಯಿದೆ, ಬತ್ತಿ ನೋಡಿ. ಚಿಮಣಿ ಮೇಲೆ ಟಿಶ್ಯೂ ಚೂರು ಹಿಡಿದು ಇಂಜಿನ್ ಓಡಿಸಿ, ಅದು ಅಲುಗಾಡದಿದ್ದರೆ ಫ್ಯಾನ್ ತಿರುಗುತ್ತಿಲ್ಲ. ಕಳಿಸಲೇಬೇಕಾದರೆ ಎಷ್ಟು ಓಮಿನದು ಹಾಕುತ್ತೀರಿ ಅಂತ ಬರೆಸಿಕೊಳ್ಳಿ. ಇಂಜಿನ್ ಓಡುವ ವಿಡಿಯೊ ಕೇಳಿ, ಅರ್ಧ ಗಂಟೆ ಓಡಿದ್ದು. ಎಚ್ಓ (ಓ ಗೇಜಿನ ಸುಮಾರು ಅರ್ಧ ಅಳತೆ) ಇಂಜಿನ್ನಿನ ಸಣ್ಣ ಕೊಳವೆಯಂಥ ಯೂನಿಟ್ ಬಿಚ್ಚಿ ಸರಿಮಾಡುವಂಥದ್ದಲ್ಲ, ಸುಟ್ಟರೆ ಹೊಸದೇ ಹಾಕಬೇಕು. ಅದನ್ನೂ ರಿಪೇರಿ ಮಾಡುತ್ತೇನೆ ಅನ್ನುತ್ತಿದ್ದರು ಈ ಮಹಾನುಭಾವರು.

ನಾನು ನಂಬರ್ ಕೊಟ್ಟಿದ್ದ ಗೆಳೆಯರಲ್ಲಿ ಒಬ್ಬ ಆಗಲೇ ಇಂಜಿನ್ ಪ್ಯಾಕ್ ಮಾಡಿದ್ದ. ಫೋನ್ ಮಾಡಿ ನಿಲ್ಲಿಸಿದೆ. ಕಾರಣ ಹೇಳುವಾಗ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅವನು ಅಳೆದು ನೋಡಿ, "ಎರಡೂ ಸೇರಿ 8 ತೋರಿಸ್ತಿದೆ ಕಣೋ, ಸರಿಯಾಗೇ ಇದೆಯಲ್ಲ?" ಅಂದ. ಬತ್ತಿ ತಾನೇ ಬದಲಾಯಿಸಿದ. ಅವನ ಇಂಜಿನ್ ಹೊಗೆ ಬಿಡುತ್ತಾ ಓಡುತ್ತಿದೆ.

ನಾನೂ ನನ್ನ ಹಳೇ ರೆಸಿಸ್ಟರುಗಳನ್ನೇ ವಾಪಸ್ ಹಾಕಿ, ಹೊಸ ಬತ್ತಿ ಹಾಕಿ ಇಟ್ಟಿದ್ದೇನೆ. ಬೋರ್ಡ್ ಮಾತ್ರ ಸುಟ್ಟೇ ಇದೆ. ಇವತ್ತು ಬೆಳಗ್ಗೆ ಅವರಿಂದ ಇನ್ನೊಂದು ಮೆಸೇಜ್: "ಸರ್, ಬೋರ್ಡ್ ಕಳಿಸಿ. ಈ ಸಲ ಸರ್ವಿಸ್ ಚಾರ್ಜ್ ಹಾಕಲ್ಲ."